ಬಿಂದುಮಾಧವರ ಅರೆವಾಹಕ

ಆ ಮಂಗಳವಾರ ಬಿಂದುಮಾಧವರ ಡಯೋಡು ತರಗತಿಯ ಎದುರಿಗೇ ಕೈಕೊಟ್ಟಿತು. ಡಯೋಡೆಂದರೆ ಕೈಯಲ್ಲಿ ಹಿಡಿಯುವಂಥದ್ದಲ್ಲ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದ ಸಿಮ್ಯುಲೇಷನ್ನು. ಎಡಕ್ಕೆ ಬಿಳಿ ಸೊನ್ನೆಗಳು, ಬಲಕ್ಕೆ ನೀಲಿ ಚುಕ್ಕೆಗಳು, ಕೆಳಗೊಂದು ಬ್ಯಾಟರಿ, ಪಕ್ಕದಲ್ಲಿ ವೋಲ್ಟೇಜು ಏರಿಸಿ ಇಳಿಸುವ ಪಟ್ಟಿ. ಪಟ್ಟಿಯನ್ನು ಮೌಸಿನಿಂದ ಎಳೆದರೆ ಚುಕ್ಕೆಗಳು ನಡುವಿನ ಗಡಿ ದಾಟಿ ಓಡಬೇಕು, ಕರೆಂಟು ಹರಿಯಬೇಕು. ಬಿಂದುಮಾಧವರು ಎಳೆದರು. ಸೊನ್ನೆ ಚುಕ್ಕೆಗಳೆರಡೂ ಹಿಂದೆ ಸರಿದು, ಬೀಗರು ಜಗಳವಾಡಿಕೊಂಡ ಮದುವೆಮನೆಯ ಹಾಗೆ ಆ ಮೂಲೆಯವರು ಆ ಮೂಲೆಯಲ್ಲಿ, ಈ ಮೂಲೆಯವರು ಈ ಮೂಲೆಯಲ್ಲಿ ನಿಂತುಬಿಟ್ಟರು. ಇನ್ನಷ್ಟು ಎಳೆದರೆ ಇನ್ನಷ್ಟು ದೂರ ನಿಂತರು.

‘ಹ್ಯಾಂಗ್ ಆಗಿದೆ’ ಎಂದು ತೀರ್ಪು ಕೊಟ್ಟು ಅಟೆಂಡರ್ ರೇವಣಸಿದ್ದನನ್ನು ಕರೆಸಿದರು. ಅವನು ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ.

“ಕರೆಂಟೇ ಹರೀತಿಲ್ಲ ಕಣೋ.”

“ಕರೆಂಟ್ ಅದೆ ಸಾ. ಫ್ಯಾನ್ ತಿರುಗ್ತಾ ಅದಲ್ಲ.”

ಎರಡನೆಯ ಬೆಂಚಿನ ಲಹರಿ ಎದ್ದು ನಿಂತಳು. “ಸಾರ್, ಅದು ನಿಂತಿಲ್ಲ, ನೀವೇ ನಿಲ್ಲಿಸಿದ್ದೀರಿ. ಬ್ಯಾಟರಿ ಉಲ್ಟಾ ಆಗಿದೆ.”

ಬ್ಯಾಟರಿಯ ಚಿತ್ರದ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಅದು ಮಗುಚಿಕೊಳ್ಳುತ್ತದೆ. ಮೇಷ್ಟರ ಮೌಸು ದಾರಿಯಲ್ಲಿ ಅದನ್ನು ಎಡವಿತ್ತು. ಬ್ಯಾಟರಿ ಉಲ್ಟಾ ಇದ್ದರೆ ಡಯೋಡು ಕರೆಂಟು ಬಿಡುವುದಿಲ್ಲ ಎನ್ನುವುದೇ ಅವತ್ತಿನ ಪಾಠ. ಡಯೋಡು ಪಾಪ ಪಾಠ ಒಪ್ಪಿಸುತ್ತಿತ್ತು, ಮೇಷ್ಟರು ಅದಕ್ಕೆ ರಿಪೇರಿ ಮಾಡಿಸುತ್ತಿದ್ದರು. ಕ್ಲಾಸು ನಕ್ಕಿದ್ದು ಕಾರಿಡಾರಿನ ಕೊನೆಗೆ ಕೇಳಿಸಿತು.

ಬಿಂದುಮಾಧವರು ಹುಟ್ಟಿದ್ದು ಅಗ್ರಹಾರದಲ್ಲಿ, ಇರುವುದು ಸರಸ್ವತಿಪುರಂನಲ್ಲಿ. ಅಜ್ಜ ಅರಮನೆಯಲ್ಲಿ ಪುರಾಣ ಹೇಳುತ್ತಿದ್ದರು, ಮೊಮ್ಮಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೆಮಿಕಂಡಕ್ಟರ್ ಹೇಳುತ್ತಾರೆ. ಇಬ್ಬರ ಶ್ರೋತೃಗಳೂ ಕಣ್ಣು ಮುಚ್ಚಿಕೊಂಡು ಕೇಳುವವರೇ. ಅವರನ್ನು ಎಬ್ಬಿಸಲು ಸೆಮಿಕಂಡಕ್ಟರಿನ ಕನ್ನಡವಾದ ‘ಅರೆವಾಹಕ’ವನ್ನು ‘ಅರೆ ವಾಹ್, ಕ’ ಎಂದು ಒಡೆದು ಹೇಳುವುದು, ‘ಸೆಮಿಕಂಡಕ್ಟರ್ ಅಂದ್ರೆ ಕುಂಬಾರಕೊಪ್ಪಲು ಬಸ್ಸಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನೇತಾಡೋ ಕಂಡಕ್ಟರ್’ ಎನ್ನುವುದು, ಇವೆಲ್ಲ ವರ್ಷಾವರಿ ಸೇವೆ. ಪಾಠದಲ್ಲಿ ಒಂದೇ ಒಂದು ಕಡೆ ಮಾತ್ರ ಅವರ ಹಾಸ್ಯ ಕೆಲಸಕ್ಕೆ ಬರುತ್ತಿರಲಿಲ್ಲ. ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗಕ್ಕೆ ‘ಹೋಲ್’ ಎಂದು ಹೆಸರು. ಆ ಖಾಲಿ ಜಾಗವೂ ಓಡಾಡುತ್ತದೆ, ಕರೆಂಟು ಹೊರುತ್ತದೆ ಎನ್ನುತ್ತದೆ ಪುಸ್ತಕ. ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು:

“ಸಾರ್, ತೂತು ಹೆಂಗೆ ಸಾರ್ ಓಡುತ್ತೆ?”

“ಓಡುತ್ತೆ. ಹಾಗಂತ ಬರ್ಕೊಳ್ಳಿ.”

ಬರೆದುಕೊಂಡರು, ಪಾಸಾದರು. ಕೆಲವರು ತಾವೂ ಮೇಷ್ಟರಾಗಿ ಹಾಗಂತ ಬರೆಸುತ್ತಿದ್ದಾರೆ.

ಈ ವರ್ಷ ಹಟ ಹಿಡಿದು ವಾರಕ್ಕೆರಡು ಗಂಟೆಯನ್ನು ಸಿಮ್ಯುಲೇಷನ್ನಿಗೆಂದು ಗಿಟ್ಟಿಸಿಕೊಂಡಿದ್ದರು. ಈಗ ಅದಕ್ಕೂ ಕುತ್ತು ಬಂತು. ಮಂಗಳವಾರದ ಸುದ್ದಿ ಅವರಿಗಿಂತ ಮೊದಲು ಸ್ಟಾಫ್ ರೂಮು ಮುಟ್ಟಿ, ಪ್ರಿನ್ಸಿಪಾಲ್ ಅನಂತಪದ್ಮನಾಭ ಹೇಳಿಕಳಿಸಿದರು.

“ವಿಡಿಯೋ ಗೇಮ್ ಆಡಿಸ್ತೀರಂತೆ. ಅದರಲ್ಲೂ ಸೋತ್ರಂತೆ.”

“ಗೇಮ್ ಅಲ್ಲ ಸಾರ್...”

“ಶುಕ್ರವಾರ ನಾನೇ ಬಂದು ಕೂತ್ಕೋತೀನಿ. ಪ್ರಯೋಜನ ಇಲ್ಲ ಅನ್ನಿಸಿದ್ರೆ ಆ ಎರಡೂ ಗಂಟೆ ಮ್ಯಾಥ್ಸ್‌ನವರಿಗೆ.”

ಆ ಮಂಗಳವಾರ ಸಂಜೆಯೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು ಕೂತರು. ಎದುರಿಗೆ ಹೆಂಡತಿ ಯಶೋಧಾ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಸಿಮ್ಯುಲೇಷನ್ನಿನ ತಾಪಮಾನ ಏರಿಸಿದಾಗ ಚುಕ್ಕೆಗಳು ಪುಟಪುಟ ಹಾರಿದವು.

“ಏನ್ರೀ ಅದು, ಸಾಸಿವೆ ಸಿಡೀತಿದೆ?”

“ಎಲೆಕ್ಟ್ರಾನು ಕಣೆ.”

“ಮತ್ತೆ ಉರಿ ಸಣ್ಣ ಮಾಡಿ.”

ಮಾಡಿದರು. ವೇಗವನ್ನೂ ತಗ್ಗಿಸಿದರು. ಈಗ ಒಂದೊಂದೇ ಚುಕ್ಕೆ ಕಂಡಿತು. ಎಡಗಡೆ ಒಂದು ಜಾಗ ಖಾಲಿಯಿತ್ತು, ಬಿಳಿ ಸೊನ್ನೆ ಎಂದರೆ ಅದೇ. ಪಕ್ಕದ ಚುಕ್ಕೆ ಅಲ್ಲಿಗೆ ನೆಗೆಯಿತು. ಅದರ ಜಾಗಕ್ಕೆ ಅದರ ಪಕ್ಕದ್ದು, ಇದರ ಜಾಗಕ್ಕೆ ಇನ್ನೊಂದು. ಪ್ರತಿ ಚುಕ್ಕೆಯೂ ಎಡಕ್ಕೆ ಸರಿದದ್ದು ಒಂದೇ ಹೆಜ್ಜೆ. ಖಾಲಿ ಜಾಗ ಮಾತ್ರ ಎಡದಿಂದ ಬಲದ ತುದಿಯವರೆಗೂ ನಡೆದುಹೋಗಿತ್ತು.

“ಅರೆ ವಾಹ್,” ಎಂದರು ಬಿಂದುಮಾಧವರು. ಈ ಸಲ ‘ಕ’ ಸೇರಿಸಲು ಮರೆತಿದ್ದರು.

“ಯಾಕ್ರೀ, ಗೆದ್ರಾ?”

ಅವರು ಇನ್ನೊಂದು ಸಲ ಮೊದಲಿನಿಂದ ನೋಡುತ್ತಿದ್ದರು.

ಶುಕ್ರವಾರ ಪ್ರಿನ್ಸಿಪಾಲರು ಕೊನೆಯ ಬೆಂಚಿನಲ್ಲಿ ಪೆನ್ನು ಹಿಡಿದು ಕೂತರು. ಬಿಂದುಮಾಧವರು ಮೊದಲು ಬ್ಯಾಟರಿ ಯಾವ ಕಡೆಗಿದೆ ಎಂದು ನೋಡಿಕೊಂಡರು. ಆಮೇಲೆ ಕೇಳಬೇಕಾದ್ದನ್ನು ಲಹರಿಯೇ ಕೇಳಿದಳು: “ಖಾಲಿ ಜಾಗ ಹೇಗೆ ಸಾರ್ ಓಡುತ್ತೆ?”

‘ಹಾಗಂತ ಬರ್ಕೊಳ್ಳಿ’ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಮೌಸನ್ನು ಅವಳ ಕಡೆ ಸರಿಸಿದರು. “ನೀನೇ ನಿಧಾನ ಮಾಡಿ ನೋಡಮ್ಮ.”

ಬೆಂಚು ಬಿಟ್ಟು ಎಲ್ಲರೂ ಮುತ್ತಿಕೊಂಡರು. ಓಡಿದ್ದು ಹೋಲೇ ಎಂದು ಅರ್ಧ ಕ್ಲಾಸು, ಯಾರೂ ಓಡಲಿಲ್ಲ ಬರೀ ಜಾಗ ಬದಲಾಯಿಸಿದರು ಎಂದು ಇನ್ನರ್ಧ. ಜಗಳ ನೋಡಲು ಪ್ರಿನ್ಸಿಪಾಲರೂ ಕತ್ತು ಉದ್ದ ಮಾಡಿದರು. ಬೆಲ್ಲು ಹೊಡೆದರೂ ಯಾರೂ ಕದಲಲಿಲ್ಲ.

ಅನಂತಪದ್ಮನಾಭ ಪೆನ್ನಿನ ಮುಚ್ಚಳ ತೆಗೆದರು.

“ಬಿಂದುಮಾಧವ್ರೇ, ಇಷ್ಟು ವರ್ಷ ಚಾಕ್‌ಪೀಸಲ್ಲೇ ಹೇಳ್ಕೊಟ್ರಿ. ಇದರಿಂದ ಚೆನ್ನಾಗಿ ಅರ್ಥ ಆಗುತ್ತೆ ಅಂತ ಬರ್ಕೊಳ್ಲಾ?”

“ಹುಡುಗ್ರದ್ದು ಪರೀಕ್ಷೆ ಆದ್ಮೇಲೆ ಗೊತ್ತಾಗುತ್ತೆ ಸಾರ್,” ಎಂದರು ಬಿಂದುಮಾಧವರು. “ನನಗೆ ಅರ್ಥ ಆಗಿದ್ದು ಮೊನ್ನೆ ಮಂಗಳವಾರ.”