ಅಕ್ಕನ ಹಸೆ ಹಾಡು ಸಣ್ಣ ಪ್ಲೇಟಿಗೆ ಹಿಡಿಸಿದ್ದು

ನಮ್ಮಕ್ಕನದು ದಪ್ಪ ದನಿ. ತಗ್ಗಿನಲ್ಲೇ ಶುರುವಾಗಿ ತಗ್ಗಿನಲ್ಲೇ ಮುಗಿಯುತ್ತಿತ್ತು. ಮದುಮಕ್ಕಳನ್ನು ಹಸೆಗೆ ಕೂರಿಸಿದಾಗ ಅವಳು ಹಾಡಲು ತೊಡಗಿದರೆ ಚಪ್ಪರದ ಆಚೆ ಎಲೆ ಹಾಸುತ್ತಿದ್ದವರೂ ಮಾತು ನಿಲ್ಲಿಸುತ್ತಿದ್ದರು. ಮಧುಗಿರಿಗೆ ಕೊಟ್ಟಿದ್ದ ಅವಳನ್ನು ಕೊರಟಗೆರೆಯಿಂದ, ಶಿರಾದಿಂದ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಆ ದನಿಯನ್ನು ಹಾಳು ಮಾಡಿದವನು ನಾನು. ಗ್ರಾಮಫೋನ್ ಕಂಪನಿಯವರ ಪಾಲೂ ಇತ್ತು, ಆದರೆ ಅವರು ಯಾರೋ ಎಲ್ಲಿಯವರೋ. ನಾನು ಒಡಹುಟ್ಟಿದವನು.

ಆಗ ನಾನು ಹೊಳವನಹಳ್ಳಿಯಲ್ಲಿ ಮೇಷ್ಟ್ರು. ನಾಲ್ಕಕ್ಷರ ಇಂಗ್ಲಿಷ್ ಬರುತ್ತದೆ ಎಂಬ ಜಂಬ ಬೇರೆ. ಗ್ರಾಮಫೋನ್ ಕಂಪನಿಯೊಂದು ಬೆಂಗಳೂರಿನಲ್ಲಿ ಮನೆ ಹಿಡಿದು ಹಳ್ಳಿ ಹಾಡುಗಳನ್ನು ಪ್ಲೇಟಿಗೆ ಇಳಿಸುತ್ತಿದೆ ಎಂದು ತಿಳಿದು, ಅಕ್ಕನ ಬೆನ್ನು ಬಿದ್ದು ಕರೆದುಕೊಂಡು ಹೋದೆ. ಕಿಟಕಿಗಳಿಗೆಲ್ಲ ಕಂಬಳಿ ಇಳಿಬಿಟ್ಟ ಕೋಣೆ. ಅದರೊಳಗೆ ತಿರುಗುವ ಮೇಣದ ಬಿಲ್ಲೆ, ಅದನ್ನು ಗೀರುವ ಸೂಜಿ.

ತಕರಾರು ಬಂದದ್ದು ಹಾಡಿನ ಉದ್ದಕ್ಕೆ. ಸಣ್ಣ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಹಿಡಿಸುತ್ತದೆ. ಅಕ್ಕನ ಹಾಡಿಗೆ ನಾಲ್ಕು ಬೇಕು. ಅಗಲವಾದ ದೊಡ್ಡ ಪ್ಲೇಟು ಅಲ್ಲೇ ಇತ್ತು, ಅದು ದೊಡ್ಡ ಭಾಗವತರಿಗೆ ಮಾತ್ರವಂತೆ. ಎರಡು ನುಡಿ ಬಿಟ್ಟು ಹಾಡಿ ಎಂದರು. ಅಕ್ಕ ಒಪ್ಪಲಿಲ್ಲ. ಹಸೆ ಹಾಡಿನ ಕೊನೆಯ ನುಡಿಯಲ್ಲಿ ಮದುಮಗಳನ್ನು ಹರಸುತ್ತಾರೆ. ಅಲ್ಲಿಗೆ ಮುಟ್ಟುವ ಮೊದಲೇ ಹಾಡು ನಿಂತರೆ ಹುಡುಗಿಗೆ ಕೇಡು ಎಂದು ನಮ್ಮ ಹೆಂಗಸರು ನಂಬಿದ್ದರು. ಉಳಿದದ್ದನ್ನು ಹಿಂದಿನ ಮಗ್ಗುಲಿಗೆ ಹಾಕೋಣ ಎಂದರೆ, ಪ್ಲೇಟು ಮಗುಚುವಷ್ಟು ಹೊತ್ತು ಹಾಡು ನಿಂತಂಗೇ ಅಲ್ಲವಾ ಎಂದಳು. ಬೇಗ ಬೇಗ ಹಾಡಿ ಎಂದದ್ದಕ್ಕೆ ಅವಳಿಗೆ ಸಿಟ್ಟೇ ಬಂತು.

"ಆರತಿ ಎತ್ತೋ ಕೈ ಓಡ್ತದೇನ್ಲಾ? ಅರ್ಧ ಹೇಳಿ ಎದ್ರೆ ಆ ಪ್ಲೇಟು ಕೇಳಿದ ಮನೆ ಹೆಣ್ಮಕ್ಳ ಗತಿ ಏನು? ಬ್ಯಾಡ ನಡಿ, ಊರಿಗೋಗಣ."

ಅವಳು ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಆಗ ಯಂತ್ರದವನು ನನ್ನನ್ನು ಪಕ್ಕಕ್ಕೆ ಕರೆದ. ಮೇಣವನ್ನು ನಿಧಾನವಾಗಿ ತಿರುಗಿಸಿದರೆ ಸಣ್ಣ ಪ್ಲೇಟಿಗೇ ನಾಲ್ಕು ನಿಮಿಷ ಹಿಡಿಸಬಹುದು ಎಂದ. ಆದರೆ ಸೂಜಿಗೆ ಸಿಗುವ ಜಾಗ ಕಡಿಮೆಯಾಗಿ ದನಿ ಕೊಂಚ ಮಂಕಾಗುತ್ತದೆ. ಕೇಳಿಸುವಾಗಲೂ ಅಷ್ಟೇ ನಿಧಾನ ತಿರುಗಿಸಬೇಕು, ಇಲ್ಲದಿದ್ದರೆ ಕೀರಲಾಗುತ್ತದೆ. ಆ ಮಾತನ್ನು ಪ್ಲೇಟಿನ ನಡುವಿನ ಚೀಟಿಯಲ್ಲಿ ಅಚ್ಚು ಹಾಕಿಸುತ್ತೇವೆ ಎಂದ. ಇಷ್ಟನ್ನೂ ಅಕ್ಕನಿಗೆ ಹೇಳಬೇಕಿತ್ತು. ಹೇಳಿದರೆ ಹೊರಟುಬಿಡುತ್ತಾಳೆಂದು ನುಂಗಿಕೊಂಡೆ. "ಪೂರ್ತಿ ಹಿಡಿಸ್ತದಂತೆ, ಹಾಡಕ್ಕ" ಎಂದೆ. ಅವಳು ನಂಬಿ ಹಾಡಿದಳು.

ಪ್ಲೇಟು ಬಂದಾಗ ಚೀಟಿಯ ಮೇಲೆ ಆ ಮಾತು ಇರಲಿಲ್ಲ.

ಅಕ್ಕ ಅದನ್ನು ಮೊದಲು ಕೇಳಿದ್ದು ಕೊರಟಗೆರೆಯ ಒಂದು ಮದುವೆಯಲ್ಲಿ, ನೂರಾರು ಜನರ ಮುಂದೆ. ಅವಳಿಗೆ ಮರ್ಯಾದೆ ಮಾಡಬೇಕೆಂದೇ ಶಿರಾದ ಸಾಬರ ಅಂಗಡಿಯಿಂದ ಗ್ರಾಮಫೋನ್ ತರಿಸಿದ್ದರು. ಮಾಮೂಲಿ ಓಟದಲ್ಲಿ ತಿರುಗಿಸಿದರು. ನಾಲ್ಕು ನಿಮಿಷದ ಹಾಡು ಮೂರೇ ನಿಮಿಷಕ್ಕೆ ಕಿಚಕಿಚ ಎಂದು ಓಡಿಹೋಯಿತು. ಮೊದಲು ಮಕ್ಕಳು ನಕ್ಕವು, ಆಮೇಲೆ ಹೆಂಗಸರು. ಬಾಸಿಂಗ ಕಟ್ಟಿಕೊಂಡ ಮದುಮಗಳೂ ನಕ್ಕಳು.

"ಇದೇನಕ್ಕಯ್ಯ, ಬೆಂಗಳೂರಿಗೋಗಿ ಇಲಿಮರಿ ನುಂಗ್ಬುಟ್ಯಾ?" ಎಂದು ಯಾರೋ ಕೂಗಿದರು. ಅಕ್ಕ ಆರತಿ ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋದಳು. ಅಲ್ಲಿಂದ ಮುಂದೆ ಯಾರ ಹಸೆಯ ಮುಂದೆಯೂ ಅವಳು ಬಾಯಿ ಬಿಡಲಿಲ್ಲ.

ಶಿರಾದ ಆ ಸಾಬರು ಒಳ್ಳೆಯ ಮನುಷ್ಯ. ನಾನು ಹೋಗಿ ನಡೆದದ್ದು ಹೇಳಿದಾಗ ಪ್ಲೇಟು ಹಾಕಿ, ಗ್ರಾಮಫೋನ್ ಪೆಟ್ಟಿಗೆಯ ಪಕ್ಕದ ತಿರುಪನ್ನು ಉಗುರಿನಿಂದ ತಿರುಗಿಸುತ್ತಾ, "ಆಹಿಸ್ತಾ, ಮೇಷ್ಟ್ರೇ, ನಿಧಾನ. ಹಾಡಿದೋರ್ದು ಕಸೂರ್ ಇಲ್ಲ, ಪ್ಲೇಟಿನ ಚಾಲ್ ತಪ್ಪು" ಎಂದರು. ಓಟ ಇಳಿಯುತ್ತಾ ಇಳಿಯುತ್ತಾ ಅಕ್ಕನ ದನಿ ಹೊರಬಂತು. ಸಕಾರ ಶಕಾರಗಳು ಸವೆದಿದ್ದವು, ಕಂಬಳಿಯೊಳಗಿಂದ ಹಾಡಿದಂತಿತ್ತು; ಆದರೂ ಅವಳದೇ. ನನಗೆ ಅಳು ಬಂತು. ಅದೇ ಪೆಟ್ಟಿಗೆಯನ್ನು ಕೇಳಿ ತೆಗೆದುಕೊಂಡು ಮಧುಗಿರಿಗೆ ಹೋಗಿ, ಅಕ್ಕನ ಮುಂದಿಟ್ಟು ತಿರುಪು ಇಳಿಸಿ ಕೇಳಿಸಿದೆ. ಆಗಲೇ ಬೆಂಗಳೂರಿನಲ್ಲಿ ಮುಚ್ಚಿಟ್ಟ ಮಾತನ್ನೂ ಹೇಳಿದೆ.

ಅವಳು ಕೊನೆಯ ನುಡಿಯವರೆಗೂ ಕೇಳಿದಳು. ಆಮೇಲೆ, "ಊರೂರಿನ ಮನೆ ಮನೆಗೋಗಿ ಹಿಂಗೇ ತಿರುಪು ತಿರುಗಿಸ್ಕಂಡು ಬತ್ತೀಯೇನ್ಲಾ?" ಎಂದಳು. ನಾನು ಪೆಟ್ಟಿಗೆ ಕಟ್ಟಿದೆ.

ಕಂಪನಿಗೆ ಮೂರು ಕಾಗದ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ಪ್ಲೇಟನ್ನು ಜನ ಬಹಳ ಮೆಚ್ಚಿದ್ದಾರೆ, ನಿಮ್ಮ ಸಹೋದರಿಯವರಿಗೆ ವಂದನೆಗಳು. ಹರಿದು ಒಲೆಗೆ ಹಾಕಿದೆ. ಹಾಳಾದವರು ಸುಳ್ಳನ್ನೂ ಬರೆದಿರಲಿಲ್ಲ. ಜನ ನಿಜವಾಗಿಯೂ ಮೆಚ್ಚಿದ್ದರು. ಅಕ್ಕನ ದನಿಯನ್ನು ಎದುರಿಗೆ ಕೇಳದವರಿಗೆ ಆ ಕೀರಲೇ ಹಾಡು.

ಹನ್ನೆರಡು ವರ್ಷದ ಮೇಲೆ ನನ್ನ ಮಗಳ ಮದುವೆ. ಗಂಡಿನ ಕಡೆಯವರು ಪಾವಗಡದವರು, ಮನೆಮಾತು ತೆಲುಗು. ಹಸೆಗೆ ಕೂತ ಮಗಳು, "ಅತ್ತೆ, ನನಗಾದ್ರೂ ಹಾಡು" ಎಂದು ಕೈ ಹಿಡಿದಳು. ಅಕ್ಕ ನನ್ನ ಮುಖ ನೋಡಲಿಲ್ಲ, ಮಗಳ ಮುಖ ನೋಡಿ ಶುರು ಮಾಡಿದಳು. ವಯಸ್ಸಾಗಿದ್ದರೂ ಅದೇ ದಪ್ಪ ದನಿ, ಅದೇ ನಿಧಾನ. ಒಂದು ನುಡಿ ಮುಗಿದು ಎರಡನೆಯದಕ್ಕೆ ಬಂದಿದ್ದಳು. ಬೀಗರ ಕಡೆಯ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಅದಿ ಕಾದು ಅಜ್ಜೀ, ಹಂಗಲ್ಲ, ರಾಗ ತಪ್ತು. ಪ್ಲೇಟಲ್ಲಿ ಹಿಂಗಿಲ್ಲ. ನಾವು ಹೇಳ್ತೀವಿ ಬುಡಿ" ಎಂದಳು ಒಬ್ಬಳು, ಬಹಳ ವಿನಯವಾಗಿಯೇ.

ಪ್ಲೇಟಿನಲ್ಲಿರುವುದು ಇವಳೇ ಎಂದು ನಾನು ಹೇಳಬೇಕಿತ್ತು. ಪನ್ನೀರುದಾನಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಬೀಗರ ಮಕ್ಕಳು, ಮೊದಲ ದಿನವೇ ಮುನಿಸೇಕೆ ಎಂದು ಆಗಲೂ ನುಂಗಿಕೊಂಡೆ. ಹುಡುಗಿಯರು ಗಂಟಲು ಮೇಲೆತ್ತಿ, ಪ್ಲೇಟಿನ ಓಟದಲ್ಲೇ ಮೊದಲಿನಿಂದ ಶುರು ಮಾಡಿ ಕೊನೆಯ ನುಡಿಯವರೆಗೂ ಹಾಡಿದರು. ಹಾಡು ಅರ್ಧಕ್ಕೆ ನಿಲ್ಲಬಾರದೆಂದು ಬೆಂಗಳೂರಿನಿಂದ ಎದ್ದು ಹೊರಟಿದ್ದ ನಮ್ಮಕ್ಕ, ನನ್ನ ಮಗಳ ಹಸೆಯ ಮುಂದೆ ಎರಡನೆಯ ನುಡಿಗೇ ನಿಲ್ಲಿಸಿದ್ದಳು.