ಮೂವತ್ತೊಂದೇ ಸಾಕು

ನೆರೂಳದ ಪೆಟ್ರೋಲ್ ಪಂಪಿನಲ್ಲಿ ಗಾಳಿ ಹಾಕುವವನಿಗೆ ಎಲ್ಲ ಕಾರೂ ಒಂದೇ. ಕೇಳದೆಯೇ ಮೂವತ್ತೈದು ಪಾಯಿಂಟ್ ಹೊಡೆಯುತ್ತಿದ್ದ. ನಾನು ಅಗಲದ ಟಯರು ಹಾಕಿಸಿದ ಮೇಲೂ ಅಷ್ಟೇ. ಸಣ್ಣ ಗುಂಡಿಗೂ ಕಾರು ನಮ್ಮನ್ನು ಎತ್ತಿ ಹಾಕುತ್ತಿತ್ತು.

ಡೊಂಬಿವಲಿಯಲ್ಲಿ ಹೋಟೆಲು ನಡೆಸುವ ಭಾವನಿಗೆ ಹೇಳಿದರೆ, "ಅಗಲ ಟಯರಿಗೆ ಗಾಳಿ ಜಾಸ್ತಿಯೇ ಬೇಕು ಮಾರಾಯ್ತಿ, ನಿನಗೆ ಗೊತ್ತಾಗುದಿಲ್ಲ" ಎಂದರು. ಅವರೋ, ಮೇ ತಿಂಗಳಲ್ಲಿ ಮನೆಮಂದಿಯನ್ನೆಲ್ಲ ಕಾರಿಗೆ ತುಂಬಿ ಉಡುಪಿಗೆ ಹೊರಡುವಾಗ ಹಾಕಿಸಿದ ಗಾಳಿಯಲ್ಲೇ ದೀಪಾವಳಿಯವರೆಗೂ ಒಬ್ಬರೇ ಓಡಾಡುವವರು!

ನಾನು ಶಾಲೆಯಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದವಳು. ಮನೆಯಲ್ಲಿ ಚಾಕ್‌ಪೀಸಿಗೆ ಬರವಿಲ್ಲ. ಬೆಳಿಗ್ಗೆ ಟಯರು ತಣ್ಣಗಿರುವಾಗ ಅದರ ಅಗಲಕ್ಕೂ ಒಂದು ಗೆರೆ ಎಳೆದು, ನಮ್ಮ ಸೆಕ್ಟರಿನ ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಇಳಿದು ನೋಡಿದೆ. ಗೆರೆ ನಡುವೆ ಮಾತ್ರ ಅಳಿಸಿಹೋಗಿತ್ತು. ಅಂಚುಗಳು ನೆಲವನ್ನು ಸರಿಯಾಗಿ ಮುಟ್ಟಿರಲೇ ಇಲ್ಲ. ನಡುವಿನ ಪಟ್ಟಿಯ ಮೇಲೆ ಓಡುವುದಕ್ಕೆ ಅಗಲದ ಟಯರು ಯಾಕೆ ಬೇಕಿತ್ತು? ಗೇಜು ಹಿಡಿದು ದಿನಕ್ಕೊಂದು ಪಾಯಿಂಟ್ ಗಾಳಿ ಇಳಿಸುತ್ತ, ಮತ್ತೆ ಗೆರೆ ಎಳೆಯುತ್ತ ಹೋದೆ. ಮೂವತ್ತೊಂದಕ್ಕೆ ಬಂದಾಗ ಗೆರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಅಳಿಸಿತು.

ಮರುವಾರ ಪಂಪಿನಲ್ಲಿ ಕಿಟಕಿ ಇಳಿಸಿ, ನನ್ನ ಮೂವತ್ತೊಂದನ್ನು ಹಿಂದಿಯಲ್ಲಿ "ಇಕತೀಸ್" ಎಂದೆ. ಅವನು ನನ್ನನ್ನು ದಾಟಿ, ಪಕ್ಕದ ಸೀಟಿನಲ್ಲಿದ್ದ ನನ್ನ ಗಂಡನತ್ತ ಬಗ್ಗಿ, "ಸಾಬ್, ಪೈಂತೀಸ್ ಹೀ ನಾ?" ಎಂದು ಅದೇ ಮೂವತ್ತೈದನ್ನು ಕೇಳಿದ.

ನಾನು ಇಳಿದು ಅವನ ಕೈಯಿಂದ ಪೈಪು ತೆಗೆದುಕೊಂಡು, ಅವನ ಹಿಂದಿಯಲ್ಲೇ ಹೇಳಿದೆ:

"ಸಾಬ್‌ಗೆ ಡ್ರೈವಿಂಗ್ ಬರುವುದಿಲ್ಲ."