ಕಟ್ಟಿನ ಮಾವನ ಹನ್ನೊಂದು ಅಭ್ಯಾಸಗಳು

ಚಿತ್ರಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಆ ಬೀದಿಯಲ್ಲಿ ಒಂದೇ ಇತ್ತು. ಅದರ ಯಜಮಾನರನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕಟ್ಟಿನ ಮಾವ ಎಂದೇ ಕರೆಯುತ್ತಿದ್ದರು. ಕೈಕೆಲಸದಲ್ಲಿ ಅವರು ಎತ್ತಿದ ಕೈ. ಮರದ ಪಟ್ಟಿಗಳನ್ನು ಓರೆಯಾಗಿ ಕೊಯ್ದು ಮೂಲೆ ಕೂಡಿಸಿದರೆ ಉಗುರು ಕೂಡ ತೂರುತ್ತಿರಲಿಲ್ಲ. ಹೇಳಿದ ಹೊತ್ತಿಗೆ ಕೊಡುವುದು ಮಾತ್ರ ಅವರ ಜಾಯಮಾನದಲ್ಲೇ ಇರಲಿಲ್ಲ. “ನನ್ನ ‘ನಾಳೆ’ಗೆ ಕಾಲಿದೆ ಕಣಪ್ಪ, ಹತ್ತಿರ ಹೋದಷ್ಟೂ ಓಡುತ್ತೆ” ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ನಗುವ ಗಿರಾಕಿ ಬೈಯಲಾರ ಎಂಬುದು ಅವರ ನಂಬಿಕೆ.

ಆ ನಂಬಿಕೆಗೆ ಪೆಟ್ಟು ಕೊಟ್ಟವರು ಪಕ್ಕದ ಆಸ್ಪತ್ರೆಯ ನರ್ಸಮ್ಮ. ಒಂದು ದೊಡ್ಡ ಫೋಟೋವನ್ನು ಮೇಜಿನ ಮೇಲಿಟ್ಟು ಖಡಾಖಂಡಿತವಾಗಿ ಹೇಳಿದರು:

“ಮಾವ, ನನ್ನ ಮಗಳ ಮದುವೆ ಫೋಟೋ ನೀವು ಕೊಡೋ ಹೊತ್ತಿಗೆ ಮೊಮ್ಮಗಳಿಗೆ ಹಲ್ಲು ಬಂದಿತ್ತು. ಇದು ಹಾಗಲ್ಲ. ನಮ್ಮ ಹೆಡ್ ನರ್ಸ್ ದೊಡ್ಡಕ್ಕ ಶುಕ್ರವಾರ ನಿವೃತ್ತಿಯಾಗ್ತಾರೆ, ಅವರಿಗೆ ಕೊಡೋದು ಇದು. ಸಂಜೆ ಐದಕ್ಕೆ ನನ್ನ ಕೈಯಲ್ಲಿರಬೇಕು. ಇದ್ರೆ, ಹೊಸ ವಾರ್ಡಿನ ನಲವತ್ತು ಚಿತ್ರಾನೂ ನಿಮಗೇ. ಇಲ್ಲಾಂದ್ರೆ ಇನ್ನು ಈ ಮೆಟ್ಟಿಲು ಹತ್ತಲ್ಲ.”

ನಲವತ್ತು ಚಿತ್ರ! ಮಾವನಿಗೆ ಅನ್ನ ಸೇರಲಿಲ್ಲ. ಹೆಂಡತಿಯ ತಮ್ಮನನ್ನು ಹುಡುಕಿಕೊಂಡು ಹೋದರು. ಆತ ಎರಡು ಅಂಗಡಿ ತೆರೆದು, ಎರಡನ್ನೂ ಮುಚ್ಚಿ, ಅಂಗಡಿ ನಡೆಸುವುದು ಹೇಗೆಂದು ಈಗ ಊರಿಗೆಲ್ಲ ಹೇಳಿಕೊಡುತ್ತಿದ್ದ.

“ಭಾವ, ನಿಮ್ಮ ಕೈ ಚೆನ್ನಾಗಿದೆ, ಅಭ್ಯಾಸ ಚೆನ್ನಾಗಿಲ್ಲ,” ಎಂದ ಆತ. “ಬೆಳಿಗ್ಗೆ ಐದಕ್ಕೆ ಏಳಿ. ನಡೀರಿ. ಕಷ್ಟದ ಕೆಲಸ ಮೊದಲು ಮಾಡಿ. ಸಂಜೆವರೆಗೂ ಫೋನ್ ಮುಟ್ಟಬೇಡಿ...” ಹೀಗೆ ಹನ್ನೊಂದು ಹೇಳಿದ. “ಎಲ್ಲಾನೂ ಬರೆದು ಕಣ್ಣೆದುರಿಗೇ ಇಟ್ಕೊಳ್ಳಿ. ಅದೇ ಮುಖ್ಯ.”

ಶುಕ್ರವಾರ ಮಾವ ಐದಕ್ಕೇ ಎದ್ದರು. ನಡೆಯಲು ಹೋದರು. ಉದ್ಯಾನದ ಬೆಂಚಿನ ಮೇಲೆ ಒಂದು ಗಳಿಗೆ ಕುಳಿತರು. ಕಸ ಗುಡಿಸುವಾಕೆ “ಅಜ್ಜಾ, ಕಾಲೆತ್ತಿ” ಎಂದು ಎಬ್ಬಿಸಿದಾಗ ಎಂಟೂವರೆಯಾಗಿತ್ತು. ಆದರೂ ಹುಮ್ಮಸ್ಸು ಕುಗ್ಗಲಿಲ್ಲ. ಅಂಗಡಿಗೆ ಬಂದವರೇ ಫೋನ್ ಆರಿಸಿ, ದಪ್ಪ ಕಾಗದದ ಮೇಲೆ ಹನ್ನೊಂದು ಅಭ್ಯಾಸಗಳನ್ನು ದುಂಡಗೆ ಬರೆದು, ಸುತ್ತ ಕೆಂಪು ಗೆರೆ ಎಳೆದರು.

ಇನ್ನು ಕಣ್ಣೆದುರಿಗೆ ಇಡಬೇಕಲ್ಲ? ಗೋಡೆಗೆ ಅಂಟಿಸಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಅಲ್ಲದೆ, ಕಟ್ಟು ಹಾಕುವವನ ಅಂಗಡಿಯಲ್ಲೇ ಬರಿ ಕಾಗದ ಜೋತಾಡಿದರೆ ಮರ್ಯಾದೆ ಉಳಿಯುತ್ತದೆಯೆ? ನೋಡುತ್ತಾರೆ, ಮೇಜಿನ ಮೇಲೆ ಕಪ್ಪು ಮರದ ನಾಲ್ಕು ಪಟ್ಟಿಗಳು, ಗಾಜು, ಹಿಂಬದಿಯ ರಟ್ಟು, ಎಲ್ಲವೂ ಅಳತೆಗೆ ಕೊಯ್ದು ಸಿದ್ಧವಾಗಿವೆ! ‘ಅದೃಷ್ಟ ಅಂದರೆ ಇದು’ ಎಂದುಕೊಂಡರು. ಕಾಗದವನ್ನು ರಟ್ಟಿಗೆ ಅಂಟಿಸಿ, ಒಣಗಲು ಬಿಟ್ಟು, ಮೂಲೆ ಕೂಡಿಸಿ, ಗಾಜನ್ನು ಮೂರು ಸಲ ಒರೆಸಿದರು. ಮೊಳೆ ಹೊಡೆದು, ತೂಗುಹಾಕಿ, ಎಡಕ್ಕೆ ಒಂದು ಕೂದಲೆಳೆ ಸರಿಸಿ, ಬಲಕ್ಕೆ ಅರ್ಧ ಎಳೆ ಸರಿಸಿ, ದೂರ ನಿಂತು ಕಣ್ತುಂಬ ನೋಡಿದರು. ಇಷ್ಟು ಹೊತ್ತಿಗೆ ಗಂಟೆ ನಾಲ್ಕು.

ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದರು.

“ಹತ್ತು ಸಲ ಫೋನ್ ಮಾಡಿದೆ! ನರ್ಸಮ್ಮನ ಕಟ್ಟು ಆಯ್ತೇನ್ರೀ?”

ಫೋಟೋ ಮೇಜಿನ ಮೂಲೆಯಲ್ಲಿ ಇಟ್ಟಹಾಗೇ ಇತ್ತು.

“ನಿನ್ನೆ ಅಂಗಡಿ ಮುಚ್ಚೋ ಮುಂಚೆ ನಿಮ್ಮ ಕೈಯಲ್ಲೇ ಪಟ್ಟಿ ಕೊಯ್ಸಿ, ಗಾಜು ಕೊಯ್ಸಿ, ಮೇಜಿನ ಮೇಲೆ ಜೋಡಿಸಿಟ್ಟಿದ್ನಲ್ಲ, ಅದೆಲ್ಲಿ?”

ಮಾವ ಮೆಲ್ಲಗೆ ಗೋಡೆಯ ಕಡೆ ನೋಡಿದರು.

“ಕಣ್ಣೆದುರಿಗೇ ಇದೆ,” ಎಂದರು.

ಆಕೆ ಹಣೆ ಚಚ್ಚಿಕೊಂಡರು. ಆ ಬಣ್ಣದ ಪಟ್ಟಿ ಅಂಗಡಿಯಲ್ಲಿ ಇನ್ನೊಂದಿರಲಿಲ್ಲ. “ಇಳಿಸಿ ಮೊದಲು! ಹಿಂದಿನ ಮೊಳೆ ಕೀಳಿ!”

“ಕಾಗದ ರಟ್ಟಿಗೆ ಅಂಟಿಬಿಟ್ಟಿದೆ ಕಣೇ. ಬೇರೆ ರಟ್ಟು ಕೊಯ್ಯಲಾ?”

“ಏನೂ ಬೇಡ. ನಿಮ್ಮ ಅಭ್ಯಾಸ ಒಳಗೇ ಇರಲಿ. ಅದರ ಮೇಲೇ ಫೋಟೋ ಇಡಿ.”

ಆಕೆ ಹಿಡಿದುಕೊಂಡರು, ಮಾವ ಮೊಳೆ ಹೊಡೆದರು. ಹಿಂಬದಿಗೆ ಕಾಗದ ಅಂಟಿಸಿ ಗಾಜು ಒರೆಸುತ್ತಿದ್ದಾಗ ನರ್ಸಮ್ಮ ಒಳಗೆ ಬಂದರು. ಕಟ್ಟನ್ನು ಕೈಗೆ ತೆಗೆದುಕೊಂಡು ಮೂಲೆಗಳನ್ನು ಸವರಿದರು. ಗಡಿಯಾರ ನೋಡಿದರು.

“ಮಾವ, ಇದು ನಿಂತುಹೋಗಿದ್ಯಾ? ಐದಕ್ಕೆ ಇನ್ನೂ ನಾಲ್ಕು ನಿಮಿಷ ಇದೆ ಅಂತಿದೆ!”

“ಇಲ್ಲಮ್ಮ, ಗಡಿಯಾರ ಸರಿಯಾಗಿದೆ. ಅಪರೂಪಕ್ಕೆ ನಾನೂ ಸರಿಯಾಗಿದ್ದೀನಿ,” ಎಂದರು ಮಾವ. ಹೆಂಡತಿ ಕೆಮ್ಮಿದರು.

ನಲವತ್ತು ಚಿತ್ರಗಳೂ ಬಂದವು. ಆಮೇಲೊಮ್ಮೆ ಭಾವಮೈದ ಬಂದು ಗೋಡೆ ನೋಡಿ ಕೇಳಿದ, “ಅಭ್ಯಾಸಗಳ ಪಟ್ಟಿ ಎಲ್ಲಿ ಭಾವ?”

“ದೊಡ್ಡಕ್ಕನ ಮನೇಲಿದೆ ಕಣಯ್ಯ, ಫೋಟೋ ಹಿಂದೆ. ಪಾಪ, ಆಕೆಗಾದರೂ ಐದಕ್ಕೆ ಏಳೋ ಕಷ್ಟ ತಪ್ಪಿದೆ. ನಿನ್ನ ಹನ್ನೊಂದರಲ್ಲಿ ನನಗೆ ದಕ್ಕಿದ್ದು ಗೋಡೆ ಮೇಲಿನ ಆ ಮೊಳೆ ಒಂದೇ.”

ಆ ಮೊಳೆಗೆ ಈಗ ಅಂಗಡಿಯ ಬೀಗದಕೈ ತೂಗುಹಾಕಿದೆ. ನಾಳೆಯ ಮೊದಲ ಕೆಲಸಕ್ಕೆ ಬೇಕಾದ್ದೆಲ್ಲ ಕೊಯ್ದು ಮೇಜಿನ ಮೇಲೆ ಜೋಡಿಸಿ, ಅದರ ಮೇಲೆ ಗಿರಾಕಿಯ ಚಿತ್ರವನ್ನೂ ಇಟ್ಟ ಮೇಲೆಯೇ ಅಂಗಡಿ ಮುಚ್ಚಲೆಂದು ಹೆಂಡತಿ ಬೀಗದಕೈ ತೆಗೆಯಲು ಬಿಡುವುದು. ಚಿತ್ರವನ್ನೇಕೆ ಮೇಲಿಡಬೇಕೆಂದು ಯಾರಾದರೂ ಕೇಳಿದರೆ, ಮಾವ ತಾವೇ ನಗುತ್ತ ಶುಕ್ರವಾರದ ಕಥೆ ಶುರುಮಾಡುತ್ತಾರೆ. ಆಕೆ ಒಳಗಿನಿಂದಲೇ ಕೂಗುತ್ತಾರೆ: “ಕಥೆ ಆಮೇಲೆ ಹೇಳಿ, ಮೊದಲು ಗಾಜು ಕೊಯ್ಯಿರಿ!”